ಮೂರನೇ ಕಂಬಿ

ಪಾಂಡವಪುರ ಸ್ಟೇಷನ್ನು ಬಿಟ್ಟು ಮಂಡ್ಯದ ದಿಕ್ಕಿಗೆ ಕಂಬಿಯ ಪಕ್ಕದಲ್ಲೇ ಹತ್ತು ನಿಮಿಷ ನಡೆದರೆ ಒಂದು ರೈಲ್ವೆ ಗೇಟು. ಗೇಟಿನ ಆಚೆ ಕಬ್ಬಿನ ಗದ್ದೆ, ಈಚೆ ನಾಲ್ಕು ಹೆಂಚಿನ ಮನೆ. ಹೊಂಗೆ ಮರದ ನೆರಳು ಯಾವ ಮನೆಯ ಮೇಲೆ ಬೀಳುತ್ತದೋ ಅದು ಗೇಟ್ ಮರಿಸ್ವಾಮಿಯ ಮನೆ. ಹೋಗುವ ಗಾಡಿಗೂ ಬರುವ ಗಾಡಿಗೂ ಹಸಿರು ಬಾವುಟ ಹಿಡಿದು ನಿಲ್ಲುವುದು ಅವನ ಕೆಲಸ. ಹದಿನೆಂಟು ವರ್ಷ ಗ್ಯಾಂಗಿನಲ್ಲಿ ಕಂಬಿ ಹೊತ್ತು, ಕಾಲಿನ ಮೇಲೆ ಕಂಬಿಯಡಿಯ ಸ್ಲೀಪರ್ ದಿಮ್ಮಿ ಬಿದ್ದ ಮೇಲೆ ಗೇಟಿಗೆ ಬಂದವನು. ಗುಡಿಯಲ್ಲಿ ಮಂಗಳಾರತಿಗೆ ನಿಂತವರ ಹಾಗೆ ಗಾಡಿಯ ಮುಂದೆ ನೆಟ್ಟಗೆ ನಿಲ್ಲುತ್ತಿದ್ದ.

ಅವನ ಹೆಂಡತಿ ಜಯಲಕ್ಷ್ಮಮ್ಮ ನಾಗಮಂಗಲದ ಕಡೆಯ ದೇವಲಾಪುರದವಳು. ರೈಲೇ ಕಾಣದ ಊರಿನಿಂದ ಬಂದು ರೈಲಿನ ಹೊತ್ತಿಗೇ ಒಲೆ ಹಚ್ಚುವುದನ್ನು ಕಲಿತವಳು. ಬೆಳಗಿನ ಬೆಂಗಳೂರು ಗಾಡಿಗೆ ಕಾಫಿ, ಹತ್ತರ ಗಾಡಿಗೆ ಹಿಟ್ಟಿನ ಮುದ್ದೆ. ಆದರೆ ಈಚೆಗೆ ಒಂದೂವರೆ ವರ್ಷದಿಂದ ಬೆಳಗಿನ ಗಾಡಿ ಕೂಗಿದರೆ ಅವಳ ಕೈಯಲ್ಲಿದ್ದ ಕೆಲಸ ಒಂದು ಗಳಿಗೆ ನಿಂತುಬಿಡುತ್ತಿತ್ತು.

ದೊಡ್ಡ ಮಗಳು ಹೇಮಶ್ರೀ ಹೋದದ್ದು ಆ ಗಾಡಿಯಲ್ಲೇ. ರೈಲ್ವೆಯ ಪರೀಕ್ಷೆ ಒಂದನ್ನು ಪಾಸು ಮಾಡಿದ್ದಳು. ಎರಡನೆಯದಕ್ಕೆ ಬೆಂಗಳೂರಿಗೆ ಕರೆ ಬಂದಿತ್ತು. ಮಗಳು ಟಿಕೆಟ್ ಕೌಂಟರಿನ ಒಳಗೆ ಕುರ್ಚಿಯ ಮೇಲೆ ಕೂರುವುದನ್ನು ಮರಿಸ್ವಾಮಿ ಆಗಲೇ ಊರಿಗೆಲ್ಲ ಹೇಳಿಯಾಗಿತ್ತು. ತಾನೇ ಸ್ಟೇಷನ್ನಿಗೆ ಹೋಗಿ, ಕಿಟಕಿ ಪಕ್ಕ ಕೂರಿಸಿ, ಗಾಡಿ ಕ್ರಾಸಿಂಗಿಗೆಂದು ಇನ್ನೂ ನಿಂತಿರುವಾಗಲೇ ಓಡೋಡುತ್ತ ಗೇಟಿಗೆ ಬಂದು ಬಾವುಟ ಹಿಡಿದು ನಿಂತಿದ್ದ. ಅವಳು ಬೆಂಗಳೂರಿಗೆ ಹೋಗಲೇ ಇಲ್ಲ. ಮಂಡ್ಯದಲ್ಲಿ ಇಳಿದಳು. ಅಲ್ಲಿ ಬೆಳಗೊಳದ ಲೋಕೇಶ ಕಾಯುತ್ತಿದ್ದ. ಒಂದೇ ಜಾತಿ, ಒಳ್ಳೆಯ ಹುಡುಗ, ಲೇತ್ ಮಿಷನ್ನಿನ ಕೆಲಸ ಬಲ್ಲವನು. ಕೇಳಿದ್ದರೆ ಬೇಡ ಅನ್ನುವ ಮನೆಯೇನಲ್ಲ. ಕೆಲಸ ಸಿಕ್ಕಿದ ಮೇಲೆ ಮದುವೆ ಅನ್ನುತ್ತಿದ್ದ ಅಪ್ಪನಿಗೆ ಎದುರು ನಿಂತು ಹೇಳಲಾರದೆ, ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡಳು.

"ನಾನೇ ಬಾವುಟ ತೋರಿಸಿ ಕಳಿಸಿದೆ" ಎಂದು ಮರಿಸ್ವಾಮಿ ಅವತ್ತು ಅಂದದ್ದು ಒಂದೇ ಮಾತು. ಆಮೇಲೆ ಮನೆಯಲ್ಲಿ ಹೇಮಳ ಹೆಸರು ಅವನ ಬಾಯಿಂದ ಬರಲಿಲ್ಲ.

ತೊಂಬತ್ತೈದನೇ ಇಸವಿ, ಗಣೇಶನ ಹಬ್ಬ ಕಳೆದು ಮೂರು ದಿನವಾಗಿತ್ತು. ಊಟಕ್ಕೆ ಕೂತಾಗ ಕಿರಿಯವಳು ದಿವ್ಯ ಕೇಳಿದಳು. ಏಳನೇ ಕ್ಲಾಸಿನ ಹುಡುಗಿ, ಬಾಯಿ ಚುರುಕು.

"ಅಪ್ಪ, ಈ ವರ್ಷನಾದ್ರೂ ಗೊಂಬೆ ಮುಂದೆ ಏನಾದ್ರೂ ಕಟ್ಟಾನಾ?"

ಮರಿಸ್ವಾಮಿಯ ತಾಯಿ ಅಣ್ಣಮ್ಮ ಶ್ರೀರಂಗಪಟ್ಟಣದವಳು. ಮದುವೆಯಾಗಿ ಬರುವಾಗ ಟ್ರಂಕಿನ ತುಂಬ ದಸರಾ ಗೊಂಬೆ ತಂದಿದ್ದಳು. ಅವಳ ಮೆಟ್ಟಿಲಿನ ಮುಂದೆ ನೆಲದ ಮೇಲೆ ಪ್ರತಿ ವರ್ಷ ಮರಿಸ್ವಾಮಿಯೂ ಹೇಮಳೂ ಸೇರಿ ಏನಾದರೊಂದು ಕಟ್ಟುತ್ತಿದ್ದರು. ಒಂದು ಸಲ ನೀರು ಹರಿಯುವ ಕನ್ನಂಬಾಡಿ ಕಟ್ಟೆ, ಇನ್ನೊಂದು ಸಲ ಮೇಲುಕೋಟೆ ಬೆಟ್ಟ. ಹೋದ ವರ್ಷ ಗೊಂಬೆ ಮಾತ್ರ ಕೂತವು, ಮುಂದಿನ ನೆಲ ಬರಿದಾಗಿತ್ತು.

"ಏನ್ ಕಟ್ಟಬೇಕು?" ಮರಿಸ್ವಾಮಿ ಹಿಟ್ಟು ಮುರಿಯುತ್ತ ಕೇಳಿದ.

"ರೈಲು!"

"ದಿನಾ ಬಾಗಿಲಾಚೆ ಓಡೋದು ಸಾಲ್ದು ಅಂತ ಒಳಿಕೂ ಬುಟ್ಕೊತೀಯಾ?" ಅಂದಳು ಅಣ್ಣಮ್ಮ.

ಮರಿಸ್ವಾಮಿ ನಕ್ಕ. ಅವನು ನಕ್ಕದ್ದನ್ನು ನೋಡಿ ಜಯಲಕ್ಷ್ಮಮ್ಮನಿಗೆ ಬಸ್ಸಾರು ಇನ್ನೊಂದು ಸೌಟು ಬಿಡಬೇಕು ಅನ್ನಿಸಿತು, ಬಿಟ್ಟಳು.

ಮಾರನೇ ದಿನದಿಂದಲೇ ಕೆಲಸ ಶುರು. ದಿವ್ಯ ಸ್ಕೂಲಿನ ಗೇಟಿನ ಮುಂದೆ ಬಿದ್ದ ಐಸ್‌ಕ್ಯಾಂಡಿ ಕಡ್ಡಿಗಳನ್ನೆಲ್ಲ ಆಯ್ದು ತಂದಳು. ಜಯಲಕ್ಷ್ಮಮ್ಮ ಬಿಸಿನೀರಿಗೆ ಹಾಕಿ ತೊಳೆದು ಮೊರದಲ್ಲಿ ಒಣಗಿಸಿದಳು. ಅವು ಸ್ಲೀಪರ್. ಪೆಟ್ಟಿಗೆಗೆ ಬಿಗಿಯುವ ತೆಳು ಕಬ್ಬಿಣದ ಪಟ್ಟಿಯನ್ನು ಸೊಸೈಟಿಯಿಂದ ತಂದು, ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿ, ಅಂಚಿನ ಮೇಲೆ ನಿಲ್ಲಿಸಿದರೆ ಕಂಬಿ. ಒನಕೆಯಲ್ಲಿ ಕುಟ್ಟಿದ ಜಲ್ಲಿಯನ್ನು ಜರಡಿ ಹಿಡಿದಳು ದಿವ್ಯ. ಆ ಜರಡಿ ತೌಡಿನದು ಎಂದು ಅಣ್ಣಮ್ಮ ರೇಗಿದಳು.

"ತೌಡಿಗೆ ಬೇರೆ ತಂದುಕೊಡ್ತೀನಿ ಬುಡವ್ವ" ಅಂದ ಮರಿಸ್ವಾಮಿ.

"ಇಪ್ಪತ್ತು ವರ್ಸದ ಜರಡಿ ಕಣ್ಲಾ. ನಿನ್ ರೈಲ್ವೆ ಜರಡಿ ನಂಗ್ಯಾಕೆ?"

ಮರಿಸ್ವಾಮಿಗೆ ಅಂದಾಜಿನ ಕೆಲಸ ಆಗದು. ಒಂದು ಬಿದಿರು ಕಡ್ಡಿಯನ್ನು ಐದು ಬೆರಳಗಲಕ್ಕೆ, ಇನ್ನೊಂದನ್ನು ಮೂರು ಬೆರಳಗಲಕ್ಕೆ ಕತ್ತರಿಸಿ ಮಗಳ ಮುಂದೆ ಇಟ್ಟ.

"ಐದು ಬೆರಳಿಂದು ದೊಡ್ಡ ಲೈನು. ಎರಡು ವರ್ಷದಿಂದೀಚೆಗೆ ನಮ್ಮದು ಇದು. ಮೂರು ಬೆರಳಿಂದು ಸಣ್ಣ ಲೈನು, ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು. ಮೈಸೂರಿಂದಾಚೆ ಅರಸೀಕೆರೆ ಕಡೆ ಇನ್ನೂ ಇದೇ ಅದೆ. ಪ್ರತಿ ಸ್ಲೀಪರ್‌ಗೂ ಐದು ಬೆರಳಿನ ಕಡ್ಡಿ ಮಡಗಿ ನೋಡಬೇಕು. ಒಂದು ನೂಲು ಹೆಚ್ಚುಕಮ್ಮಿ ಆದ್ರೂ ಗಾಡಿ ಇಳೀತದೆ."

"ಹಂಗಾದ್ರೆ ಸಣ್ಣ ಕಡ್ಡಿ ಯಾಕ್ ಮಾಡ್ದೆ?"

"ಕೈ ಮಾಡ್ತು, ಮಾಡ್ದೆ."

ಗೋಡೆಯ ಮೂಲೆಯಲ್ಲಿ ಪುಟ್ಟ ಗೇಟು, ಹೊಂಗೆ ರೆಂಬೆ ನೆಟ್ಟ ಮನೆ. ಅಲ್ಲಿಂದ ಪಾಂಡವಪುರ ಸ್ಟೇಷನ್ನು, ಶ್ರೀರಂಗಪಟ್ಟಣದ ಎರಡು ಕಡೆಯೂ ಕಾವೇರಿ ಸೇತುವೆ, ರಂಗನಾಥನ ಗೋಪುರ, ಕೊನೆಗೆ ಬಾಗಿಲ ಹತ್ತಿರ ಮೈಸೂರು. ಹೀಗೆ ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಗೆರೆ ಎಳೆದರು.

"ಅಪ್ಪ, ಮಂಡ್ಯ?" ದಿವ್ಯ ಕೇಳಿದಳು.

"ಜಾಗ ಇಲ್ಲ."

"ಇಲ್ಲಿ ಅದೆಯಲ್ಲ ಇಷ್ಟೊಂದು."

"ಅಲ್ಲಿ ನಿಮ್ಮಜ್ಜಿ ಓಡಾಡ್ತಾಳೆ."

"ಹಂಗಾದ್ರೆ ಬೆಳಗೊಳ ಮಾಡಾನ. ಮೈಸೂರು ಆದ್ಮೇಲೆ ಎರಡೇ ಸ್ಟೇಷನ್ನು."

ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಜಯಲಕ್ಷ್ಮಮ್ಮ ಕತ್ತು ಎತ್ತಲಿಲ್ಲ. ಕಿವಿ ಮಾತ್ರ ಅಲ್ಲೇ ಇತ್ತು.

"ಅದು ಸಣ್ಣ ಲೈನು ಕಣಮ್ಮ" ಅಂದ ಮರಿಸ್ವಾಮಿ, ಪಾಠ ಹೇಳುವವನ ಹಾಗೆ. "ದೊಡ್ಡ ಲೈನ್ ಗಾಡಿ ಅದರ ಮೇಲೆ ಹೋಗಲ್ಲ. ಅದರ ಗಾಡಿ ಇದರ ಮೇಲೆ ಬರಲ್ಲ. ಅಷ್ಟೇಯ."

ಕೆಲಸ ಹಿಡಿದ ಎರಡನೇ ವಾರದ ಶನಿವಾರ, ರಂಗನಾಥನಿಗೆ ಹಣ್ಣುಕಾಯಿ ಮಾಡಿಸಿ ಬರುತ್ತೇನೆಂದು ಜಯಲಕ್ಷ್ಮಮ್ಮ ಶ್ರೀರಂಗಪಟ್ಟಣಕ್ಕೆ ಹೋದಳು. ಸುಳ್ಳೇನಲ್ಲ, ಹಣ್ಣುಕಾಯಿಯನ್ನೂ ಮಾಡಿಸಿದಳು. ಆದರೆ ಗುಡಿಯ ಕಂಬದ ಪಕ್ಕ ಹೇಮಶ್ರೀ ಕಾಯುತ್ತಿರುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಮೂರು ತಿಂಗಳಿಗೊಮ್ಮೆ ಹೀಗೆ. ದೇವರ ಮುಂದೆ ಮಗಳನ್ನು ಕದ್ದು ನೋಡುವ ಪಾಡಾಯಿತಲ್ಲ, ನೀನು ಮಲಗಿಕೊಂಡೇ ನೋಡ್ತಿದ್ದೀಯಲ್ಲಪ್ಪ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದಳು.

ಹೇಮ ಸೊರಗಿರಲಿಲ್ಲ. ಕೈತುಂಬ ಬಳೆ, ಹೂವು. ಬಾಳೆಎಲೆಯಲ್ಲಿ ಕಟ್ಟಿ ತಂದಿದ್ದ ಕಜ್ಜಾಯವನ್ನು ಅವ್ವ ಪೂರ್ತಿ ಬಿಚ್ಚುವ ಮುಂಚೆಯೇ ಒಂದು ಬಾಯಿಗೆ ಹಾಕಿಕೊಂಡಳು.

"ಅಪ್ಪ ಏನ್ ಕಟ್ತಾವ್ರವ್ವ ಈ ವರ್ಷ?"

"ರೈಲು."

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಸೇತುವೆಗೆ ಏನ್ ಹಾಕವ್ರೆ? ಬಿದಿರು ಸೀಳಾ? ಬಿದಿರು ಬಗ್ಗೋಯ್ತದೆ. ಛತ್ರಿ ಕಡ್ಡಿ ಹಾಕು ಅನ್ನು ದಿವ್ಯಂಗೆ. ನಾನ್ ಹೇಳ್ದೆ ಅನ್ನಬ್ಯಾಡ."

"ನೀನೇ ಬಂದು ಹಾಕು."

"ನಮ್ಮತ್ತೆ ಬ್ಯಾಡ ಅನ್ನಲ್ಲ ಕಣವ್ವ. ಆದ್ರೆ ಅಪ್ಪ ಬಂದು ಕರೀಬೇಕು ಅಂತಾರೆ. ಅಣ್ಣತಮ್ಮ ಇಲ್ಲದ ಹೆಣ್ಣು, ಅಪ್ಪ ಕರೀದೆ ತವರಿಗೆ ಹೋದ್ರೆ ನಿನಗೇ ಮರ್ಯಾದೆ ಇಲ್ಲ ಅಂತಾರೆ. ನಾಳಿದ್ದಿಂದ ಪಕ್ಷ. ಪಕ್ಷದಲ್ಲಿ ಹಬ್ಬಕ್ಕೆ ಕರಿಯಂಗಿಲ್ಲ. ನಾಳೆ ಒಂದಿನ ಅದೆ."

ಜಯಲಕ್ಷ್ಮಮ್ಮ ಅವಳ ತಲೆ ನೇವರಿಸಿದಳು. ಹೊರಡುವಾಗ ಹೇಮ ಸೆರಗು ಹಿಡಿದು ನಿಲ್ಲಿಸಿದಳು.

"ಅವ್ವ, ಅವತ್ತು ನಾನು ಬಾವುಟ ನೋಡ್ಲಿಲ್ಲ. ಗೇಟು ಬಂತು ಅಂತ ಗೊತ್ತಾಗ್ತಿದ್ದಂಗೇ ಕಣ್ಣು ಮುಚ್ಕೊಂಡುಬುಟ್ಟೆ. ನೋಡಿದ್ರೆ ಮಂಡ್ಯದಲ್ಲಿ ಇಳಿಯಕ್ಕಾಯ್ತಿರಲಿಲ್ಲ."

ಭಾನುವಾರ ಮಧ್ಯಾಹ್ನ ಜೊತೆಯ ಗೇಟ್‌ಮ್ಯಾನ್ ಸೋಮಯ್ಯ ಡ್ಯೂಟಿಗೆ ಬಂದ ಮೇಲೆ ಮರಿಸ್ವಾಮಿ ಊಟಕ್ಕೆ ಕೂತ. ಜಯಲಕ್ಷ್ಮಮ್ಮ ಅವರೆಕಾಳು ಸಾರು ಮಾಡಿದ್ದಳು, ತುಪ್ಪ ಬಡಿಸಿದ್ದಳು. ಇವತ್ತು ತಪ್ಪಿದರೆ ಹದಿನೈದು ದಿನ ಬಾಯಿ ಬಿಡುವ ಹಾಗಿಲ್ಲ.

"ಇಲ್ನೋಡಿ, ನಿನ್ನೆ ಗುಡೀಲಿ ಹೇಮ ಸಿಕ್ಕಿದ್ಲು."

ಅವನು ಮುರಿದ ತುತ್ತನ್ನು ತಟ್ಟೆಗೇ ಹಾಕಿದ.

"ಸಿಕ್ಕಿದ್ಲೋ, ನೀನೇ ಸಿಕ್ಕಿಸ್ಕೊಂಡೆಯೋ?"

"ಸಿಕ್ಕಿಸ್ಕೊಂಡೆ. ಹೆತ್ತೋಳು ನಾನು. ಇದೇ ಮೊದಲಲ್ಲ, ಐದಾರು ಸಲ ಆಯ್ತು."

"ರಂಗನಾಥನ ಹೆಸರು ಹೇಳ್ಕೊಂಡು?"

"ಅವನಿಗೆ ಗೊತ್ತು. ನಿಮಗೊಬ್ಬರಿಗೇ ಗೊತ್ತಿಲ್ದಿದ್ದು."

"ನನ್ ಕೈಲಿ ಬಾವುಟ ಹಿಡಿಸಿ ಮೋಸ ಮಾಡಿದೋಳು ಅವಳು!"

"ಅವಳು ನಿಮ್ಮ ಬಾವುಟ ನೋಡ್ಲಿಲ್ಲವಂತೆ. ಕಣ್ಣು ಮುಚ್ಕೊಂಡು ಕುಂತಿದ್ಲಂತೆ. ನೋಡಿದ್ರೆ ಇಳಿಯಕ್ಕಾಯ್ತಿರಲಿಲ್ಲ ಅಂದ್ಲು. ನಾಳೆಯಿಂದ ಪಕ್ಷ. ಇವತ್ತು ಹೋಗಿ ಒಂದು ಮಾತು ಕರೆದು ಬನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮರಿಸ್ವಾಮಿ ತಟ್ಟೆಗೆ ನೀರು ಬಿಟ್ಟು ಎದ್ದ. ಅರ್ಧ ಮುದ್ದೆ ಹಾಗೇ ಉಳಿಯಿತು. ಅಣ್ಣಮ್ಮ ಮೂಲೆಯಿಂದ, "ಅನ್ನದ ಮೇಲ್ಯಾಕ್ಲಾ ಸಿಟ್ಟು? ಇಟ್ಟೇನ್ ಮಂಡ್ಯದಲ್ಲಿ ಇಳಿದಿತ್ತಾ?" ಅಂದಳು. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು, ತನ್ನ ಡ್ಯೂಟಿಯಲ್ಲದಿದ್ದರೂ ಗೇಟಿನ ಪಕ್ಕದ ಪುಟ್ಟ ಗುಮ್ಟಿ ಕೋಣೆಗೆ ಹೋಗಿ ಕೂತ. ಸಂಜೆಯವರೆಗೆ ಬರಲಿಲ್ಲ.

ಪಕ್ಷ ಶುರುವಾಯಿತು. ಮರಿಸ್ವಾಮಿ ಕಂಬಿ ಮುಟ್ಟಲಿಲ್ಲ. ದಿವ್ಯ ಸ್ಕೂಲಿನಿಂದ ಬಂದು ಒಬ್ಬಳೇ ಕೂತು ಸ್ಲೀಪರ್ ಜೋಡಿಸಿದಳು. ಸೇತುವೆಗೆ ಹಳೇ ಛತ್ರಿಯ ಕಡ್ಡಿ ಬಿಚ್ಚಿ ಹಾಕಿದಳು. ಯಾರು ಹೇಳಿಕೊಟ್ಟರು ಎಂದು ಅಪ್ಪ ಕೇಳಲಿಲ್ಲ. ಆದರೆ ಡ್ಯೂಟಿಗೆ ಹೋಗುವಾಗ ಬಗ್ಗಿ ಆ ಸೇತುವೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ್ದನ್ನು ಜಯಲಕ್ಷ್ಮಮ್ಮ ಕಂಡಳು. ಸೇತುವೆ ಬಗ್ಗಲಿಲ್ಲ. ಅಷ್ಟು ಹೊತ್ತು ಅವನೂ ಬಗ್ಗಿಕೊಂಡೇ ಇದ್ದ.

ಅವಳು ತನ್ನ ಪಾಲಿನ ಕೆಲಸ ಬಿಡಲಿಲ್ಲ. ದಬರಿಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿದಳು, ಗೊಂಬೆ ಕೂರಿಸುವ ಹೊತ್ತಿಗೆ ಕಂಬಿಯ ಪಕ್ಕದ ಗದ್ದೆಯಾಗಲಿ ಎಂದು. ಹಳೇ ಸೀರೆಯ ನೀಲಿ ಅಂಚನ್ನು ಕತ್ತರಿಸಿ ಕಾವೇರಿಗೆ ಹಾಸಿದಳು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಮರಿಸ್ವಾಮಿ ಹಗಲು ಡ್ಯೂಟಿ ಮುಗಿಸಿ ಬಂದವನು ಬಾಗಿಲಲ್ಲೇ ನಿಂತ.

"ಇದೇನಮ್ಮಣ್ಣಿ ಇದು?"

ಮೈಸೂರು ಸ್ಟೇಷನ್ನಿನಿಂದ ಮುಂದಕ್ಕೆ, ಹೊಸಿಲ ಪಕ್ಕದಲ್ಲೇ ಹಾದು, ಕಿಟಕಿಯ ಕೆಳಗಿನವರೆಗೆ ಇನ್ನೊಂದು ಲೈನು ಬಿದ್ದಿತ್ತು. ಅದರ ತುದಿಗೆ ಬೆಂಕಿಪೊಟ್ಟಣದ ಸ್ಟೇಷನ್ನು. ಮೇಲೆ ನೋಟ್‌ಬುಕ್ಕಿನ ಹಾಳೆ ಅಂಟಿಸಿ ದುಂಡಗೆ "ಬೆಳಗೊಳ" ಎಂದು ಬರೆದಿತ್ತು.

"ಮೂರು ಬೆರಳಿನ ಕಡ್ಡೀಲೇ ಅಳತೆ ಹಿಡ್ದಿದ್ದೀನಿ" ಅಂದಳು ದಿವ್ಯ, ಎದ್ದು ನಿಂತು. ಬೈಗುಳಕ್ಕೆ ಸಿದ್ಧಳಾಗಿದ್ದಳು. "ಸಣ್ಣ ಲೈನೇ. ನೀನ್ ಹೇಳ್ದಂಗೇ. ತಪ್ಪಿದ್ರೆ ಕಿತ್ತಾಕು."

ಮರಿಸ್ವಾಮಿ ಕೂತ. ಮೂರು ಬೆರಳಿನ ಕಡ್ಡಿ ಎತ್ತಿಕೊಂಡು ಬೆಳಗೊಳದಿಂದ ಮೈಸೂರಿನವರೆಗೆ ಒಂದೊಂದೇ ಸ್ಲೀಪರಿನ ಮೇಲೆ ಇಟ್ಟು ನೋಡಿದ. ಎಲ್ಲೂ ತಪ್ಪಿರಲಿಲ್ಲ.

"ಮೈಸೂರಲ್ಲಿ ಏನ್ ಮಾಡ್ತೀಯ? ಗಾಡಿ ಈಚೆಗೆ ಬರಲ್ಲವಲ್ಲ."

"ಇಳಿದು ಗಾಡಿ ಬದಲಾಯಿಸ್ತಾರೆ."

"ಗಂಟುಮೂಟೆ ಹೊತ್ಕೊಂಡಾ?"

"ಅಕ್ಕ ಗಟ್ಟಿಗಿತ್ತಿ. ಹೊತ್ಕೊತಾಳೆ."

ಅವನು ಕೈಕಾಲು ತೊಳೆಯಲು ಹೋದ. ಕಾಫಿ ಲೋಟ ಹಿಡಿದು ನಿಂತಿದ್ದ ಜಯಲಕ್ಷ್ಮಮ್ಮನಿಗೆ ಅವನ ಮುಖ ಕಾಣಲಿಲ್ಲ. ನೀರು ಸುರಿದುಕೊಳ್ಳುವ ಸದ್ದು ಮಾತ್ರ ಎಂದಿಗಿಂತ ಹೆಚ್ಚು ಹೊತ್ತು ಕೇಳಿಸಿತು.

ಮಾರನೇ ದಿನ ಅವನಿಗೆ ರಜೆ. ದಿವ್ಯ ಸ್ಕೂಲಿಗೆ ಹೋದ ಮೇಲೆ ಕಬ್ಬಿಣದ ಪಟ್ಟಿಯ ಸುರುಳಿ ಬಿಚ್ಚಿದ. ಮಧ್ಯಾಹ್ನದವರೆಗೂ ಸುತ್ತಿಗೆಯ ಸದ್ದು. ಊಟಕ್ಕೆ ಕರೆದರೆ, "ವಸಿ ತಾಳು" ಅಂದ. ಮೂರು ಗಂಟೆಗೆ ಜಯಲಕ್ಷ್ಮಮ್ಮ ಹೋಗಿ ನೋಡಿದಳು. ಮೈಸೂರಿನಿಂದ ಹಿಡಿದು ಎರಡು ಸೇತುವೆ ದಾಟಿ, ಪಾಂಡವಪುರ ದಾಟಿ, ಹೊಂಗೆ ರೆಂಬೆಯ ಮನೆಯ ಬಾಗಿಲಿನ ತನಕ, ಎರಡು ಕಂಬಿಗಳ ನಡುವೆ ಮೂರನೆಯದೊಂದು ಕಂಬಿ ಓಡಿತ್ತು.

ದಿವ್ಯ ಸ್ಕೂಲಿನಿಂದ ಬಂದು ಬ್ಯಾಗು ಎಸೆದು ಕೂತುಬಿಟ್ಟಳು.

"ಇದ್ಯಾಕಪ್ಪ?"

"ಆಚೆ ಕಂಬಿ ಎರಡಕ್ಕೂ ಒಂದೇ. ಅಲ್ಲಿಂದ ಐದು ಬೆರಳಿಗೆ ದೊಡ್ಡ ಗಾಡಿ ಕಂಬಿ, ಮೂರು ಬೆರಳಿಗೆ ಸಣ್ಣ ಗಾಡಿ ಕಂಬಿ. ಯಾರೂ ಮೈಸೂರಲ್ಲಿ ಇಳಿಯಂಗಿಲ್ಲ."

"ನಿಜವಾಗ್ಲೂ ಹಂಗ್ ಹಾಕ್ತಾರಾ?"

"ಲೈನು ಬದಲಾಯಿಸೋವಾಗ ಯಾರ್ಡಲ್ಲಿ ನಾವೇ ಹಾಕಿದ್ದೀವಿ. ಕಷ್ಟದ ಕೆಲಸ. ಆದ್ರೆ ಆಯ್ತದೆ."

ಅಣ್ಣಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಎಲೆಅಡಿಕೆ ಒಂದು ದವಡೆಗೆ ಸರಿಸಿ ಅಂದಳು: "ಕಂಬಿ ಆಕ್ಬುಟ್ರೆ ಗಾಡಿ ತಾನೇ ಬಂದ್ಬುಡ್ತದೇನ್ಲಾ? ಓಗಿ ಕರೀಬೇಕು."

ಮರಿಸ್ವಾಮಿ ಸುತ್ತಿಗೆ ಕೆಳಗಿಟ್ಟ. "ಪಕ್ಷ ಮುಗೀಲಿ."

ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಟ್ಟರು. ಮಾರನೇ ದಿನ ಪಾಡ್ಯ. ಬೆಳಿಗ್ಗೆ ಗೊಂಬೆ ಕೂರಿಸಿ ಆರತಿ ಎತ್ತಿದ ಮೇಲೆ ಮರಿಸ್ವಾಮಿ ಬಿಳೀ ಪಂಚೆ ಉಟ್ಟು, ಜಯಲಕ್ಷ್ಮಮ್ಮ ಕಟ್ಟಿಕೊಟ್ಟ ಅರಿಶಿನ ಕುಂಕುಮ, ಹೂವು, ಬಾಳೆಹಣ್ಣು, ರವಿಕೆ ಬಟ್ಟೆಯ ಚೀಲ ಹಿಡಿದು ಹೊರಟ.

"ಬಸ್ಸಲ್ಲಿ ಓದ್ರೆ ಸೀರಂಗಪಟ್ಣದಿಂದ ಅರ್ಧ ಗಂಟೆ ಕಣ್ಲಾ" ಅಂದಳು ಅಣ್ಣಮ್ಮ.

"ರೈಲಲ್ಲೇ ಹೋಗ್ತೀನಿ."

"ಮೈಸೂರಿಗೋಗಿ ಸುತ್ತಾಕ್ಕೊಂಡಾ?"

"ಹೂಂ ಕಣವ್ವ. ಸುತ್ತಾಕ್ಕೊಂಡೇ."

ಆ ದಿನ ಜಯಲಕ್ಷ್ಮಮ್ಮ ಎರಡು ಸಲ ಮನೆ ಗುಡಿಸಿದಳು. ಒಬ್ಬಟ್ಟಿಗೆ ಬೇಳೆ ಬೇಯಿಸಿದಳು. ಹೇಮಳ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಲಿನಲ್ಲಿ ಬಡಿದಳು. ಅವತ್ತೇ ಕಳಿಸುತ್ತಾರೆಂದು ಯಾರೂ ಹೇಳಿರಲಿಲ್ಲ. ಆದರೂ ಮೈಸೂರಿನ ಕಡೆಯಿಂದ ಸಂಜೆಯ ಗಾಡಿ ಬಂದಾಗ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಕಂಬಿಯ ಪಕ್ಕ ಮರಿಸ್ವಾಮಿ ಒಬ್ಬನೇ ಕಾಲೆಳೆಯುತ್ತ ನಡೆದು ಬರುತ್ತಿದ್ದ. ಕೈಯಲ್ಲಿ ಚೀಲ ಇರಲಿಲ್ಲ.

ಅವಳು ನೀರು ಕೊಟ್ಟಳು. ಅವನು ಕುಡಿದು ಲೋಟ ಕೆಳಗಿಟ್ಟ ಮೇಲೇ ಕೇಳಿದಳು.

"ಕರೆದ್ರಾ?"

"ಕರೆದೆ."

"ಏನಂದ್ರು?"

"ಅವಳ ನಾದಿನಿ ಹೆರಿಗೆಗೆ ಬಂದವ್ಳೆ. ದಿನ ತುಂಬವೆ. ಮನೇಲಿ ಬೀಗಿತ್ತಿ ಬಿಟ್ರೆ ಬೇರೆ ಹೆಣ್ಣಾಳಿಲ್ಲ. ಪಕ್ಷಕ್ಕೆ ಮುಂಚೆ ಬಂದಿದ್ರೆ ಎರಡು ದಿನಕ್ಕಾದ್ರೂ ಕಳಿಸ್ತಿದ್ವಿ ಅಂದ್ರು ಬೀಗಿತ್ತಿ. ಅವರ ತಪ್ಪೇನಿಲ್ಲ." ಅವನು ಪಂಚೆಯ ಅಂಚನ್ನು ಸರಿಮಾಡಿಕೊಂಡ. "ಅವತ್ತು ನೀನು ಹೇಳ್ದೆ. ನಾನೇ ಎದ್ದು ಹೋದೆ."

ದಿವ್ಯ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಅಣ್ಣಮ್ಮ, "ಅಳಬ್ಯಾಡ ಕಣ್ ಕೂಸೆ, ಇನ್ನೇನಂದ್ರು ಕೇಳಾನ" ಅಂದಳು.

"ದೀಪಾವಳಿಗೆ ಕಳಿಸ್ತೀವಿ ಅಂದ್ರು. ಅಳಿಯನೂ ಬತ್ತಾನಂತೆ."

"ಹೇಮ?" ಅಂದಳು ಜಯಲಕ್ಷ್ಮಮ್ಮ. "ಅವಳೇನಂದ್ಲು?"

"ಏನೂ ಅನ್ನಲಿಲ್ಲ. ಕಾಲಿಗೆ ನೀರು ಕೊಟ್ಲು. ಎಲೆ ಹಾಕಿದ್ಲು. ಉಣ್ಣೋಗಂಟ ಎದುರಿಗೇ ನಿಂತಿದ್ಲು. ಸಾಕು ಸಾಕು ಅಂದ್ರೂ ಅನ್ನ ಇಕ್ತಾನೇ ಇದ್ಲು." ಲೋಟವನ್ನು ಅವಳ ಕಡೆಗೆ ಸರಿಸಿದ. "ಎಲೇಲಿ ಒಂದಗಳೂ ಬಿಡಲಿಲ್ಲ ಕಣೆ ನಾನು."

ಒಂಬತ್ತು ದಿನವೂ ಊರಿನ ಹೆಂಗಸರು, ಮಕ್ಕಳು ಬಂದು ರೈಲು ನೋಡಿದರು. ದಿವ್ಯ ಬೆಂಕಿಪೊಟ್ಟಣ ಪೋಣಿಸಿ ಮಾಡಿದ ಎರಡು ಗಾಡಿಗಳನ್ನೂ ದಾರ ಎಳೆದು ಓಡಿಸಿ ತೋರಿಸಿದಳು. ಸೋಮಯ್ಯ ಬಂದವನು ಮೂರು ಕಂಬಿಯನ್ನು ಬಹಳ ಹೊತ್ತು ನೋಡಿ, ಗೊಂಬೆ ನೋಡಲು ಬಂದವರಿಗೆ ಕೊಡುವ ಚರ್ಪು ತಿಂದು ಹೋದ. ಬೆಳಗೊಳದಲ್ಲಿ ನಾದಿನಿಗೆ ಹೆಣ್ಣು ಮಗುವಾಯಿತೆಂದು ಬಸ್ಸಿನವರ ಕೈಲಿ ಸುದ್ದಿ ಬಂತು.

ವಿಜಯದಶಮಿಯ ರಾತ್ರಿ ವಾಡಿಕೆಯಂತೆ ಅಣ್ಣಮ್ಮ ಒಂದು ಗೊಂಬೆಯನ್ನು ಮಲಗಿಸಿದಳು. ಮಾರನೇ ದಿನ ಎಲ್ಲವನ್ನೂ ಹತ್ತಿಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಇಳಿಸಿದಳು. ಮೆಟ್ಟಿಲಿನ ಹಲಗೆಗಳು ಅಟ್ಟಕ್ಕೆ ಹೋದವು. ಪ್ರತಿ ವರ್ಷ ಅದರ ಹಿಂದೆಯೇ ನೆಲದ ಮೇಲಿನದೂ ಹೋಗುತ್ತಿತ್ತು. ಜಯಲಕ್ಷ್ಮಮ್ಮ ಪೊರಕೆ, ಮೊರ ಹಿಡಿದು ಬಂದು ನಿಂತಳು. ಯಾರೂ ಕೈ ಹಾಕಲಿಲ್ಲ.

"ಇರಲಿ" ಅಂದ ಮರಿಸ್ವಾಮಿ, ಬಾವುಟ ಸುತ್ತಿ ಕಂಕುಳಿಗೆ ಇಟ್ಟುಕೊಂಡು ಡ್ಯೂಟಿಗೆ ಹೊರಡುತ್ತ.

ಅಡುಗೆಮನೆಗೆ ಹೋಗಬೇಕಾದರೂ ನೀರುಮನೆಗೆ ಹೋಗಬೇಕಾದರೂ ಈಗ ಎಲ್ಲರೂ ಅದನ್ನು ದಾಟಿಕೊಂಡೇ ಓಡಾಡಬೇಕು. ಮೊದಲ ದಿನ ಅಣ್ಣಮ್ಮ ಕಾಲೆಡವಿ ಗೊಣಗಿದಳು. ಮಾರನೇ ದಿನ ಸೌದೆ ತಂದ ಹೆಂಗಸು ನಡುಮನೆಗೆ ಕಾಲಿಡುತ್ತಿದ್ದಂತೆ ಅವಳೇ ಕೂಗಿದಳು:

"ವಸಿ ಸೀರೆ ಎತ್ಕೊಂಡು ಮೆಲ್ಲುಗ್ ದಾಟವ್ವ. ದೀಪಾವಳಿಗೆ ನಮ್ ಮೊಮ್ಮಗಳು ಬತ್ತಾಳೆ."